ಫೋಟೋದ ಬೆನ್ನಿಗಿದ್ದ ಹೆಸರು

ಇದನ್ನು ಪೂರ್ತಿ ಕೇಳಿಬಿಡಿ. ನಡುವೆ ಎಲ್ಲೋ ಒಂದು ಕಡೆ ‘ಅಯ್ಯೋ, ಇಷ್ಟೇನಾ, ಒಂದು ಹಳೇ ಫೋಟೋ ತಾನೇ’ ಅನ್ನಿಸಬಹುದು. ಅನ್ನಿಸಿದರೂ ಎದ್ದು ಹೋಗಬೇಡಿ. ಕ್ಯಾಲೆಬನಿಗೂ ಮೊದಲು ಹಾಗೇ ಅನ್ನಿಸಿತ್ತು, ಅವನು ಕೆಟ್ಟದ್ದೂ ಅಲ್ಲೇ.

ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಬೀದರಿನ ಮಂಗಲಪೇಟೆಯ ಚರ್ಚ್ ಹಾಲಿನಲ್ಲಿ ಕ್ಯಾಲೆಬ ಏಣಿಯ ಮೇಲೆ ನಿಂತು ಪ್ರದರ್ಶನಕ್ಕೆ ಫೋಟೋ ತೂಗುಹಾಕುತ್ತಿದ್ದ. ಔರಾದದ ಬಸ್ಸು ಹನ್ನೊಂದಕ್ಕೆ ಬರುತ್ತದೆ, ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ಆಟೋದಲ್ಲಿ ಹತ್ತು ನಿಮಿಷ, ಅಂದರೆ ಇನ್ನು ಒಂದು ಗಂಟೆ ನಲವತ್ತು ನಿಮಿಷ. ಈ ಲೆಕ್ಕವನ್ನು ಎದ್ದಾಗಿನಿಂದ ಎಷ್ಟು ಸಲ ಹಾಕಿದ್ದನೋ ಅವನಿಗೇ ಗೊತ್ತಿಲ್ಲ. ಮೊಳೆಗೆ ದಾರ ಸಿಕ್ಕಿಸುವಾಗ ಫ್ರೇಮು ವಾಲಿತು. ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಅಬ್ದುಲ ವಾಹೀದ ಚಾಚಾ, “ಸೊಟ್ಟ ಆಗ್ಯಾದ, ಎಡಕ್ಕ ಎತ್ತು,” ಅಂದರು. ಎತ್ತಿದ. “ಈಗ ಬಲಕ್ಕ ಸೊಟ್ಟ ಆಯ್ತು ನೋಡು. ನಿನ್ನ ತಲಿ ಎಲ್ಲಿ ಅದ ಬೇಟಾ?” ತಲೆ ಎಲ್ಲಿದೆ ಅಂತ ಹೇಳುವುದು ಸುಲಭವಿತ್ತು. ಗೋಡೆಯ ನಡುಮಧ್ಯೆ ತೂಗುಹಾಕಿದ್ದ ಆ ದೊಡ್ಡ ಫೋಟೋದ ಹತ್ತಿರ ಇತ್ತು. ಅದರ ಕೆಳಗೆ ಅಂಟಿಸಿದ್ದ ಖಾಲಿ ಚೀಟಿಯ ಹತ್ತಿರ ಇತ್ತು. ಎದೆಯ ಜೇಬಿನಲ್ಲಿ, ಎರಡು ರಟ್ಟಿನ ನಡುವೆ ಇಟ್ಟುಕೊಂಡು ಐದು ದಿನ ತಿರುಗಿದ್ದ ಅಸಲು ಪ್ರತಿಯ ಹತ್ತಿರ ಇತ್ತು.

ಚಾಚಾ ‘ಕಾರಂಜಾ ಸಮಾಚಾರ’ ಅನ್ನುವ ಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಎಪ್ಪತ್ತೊಂದರಿಂದ ಇಪ್ಪತ್ತೇಳು ವರ್ಷ ಹೊರಟ ಪತ್ರಿಕೆ. ಅದು ಮುಚ್ಚಿದ ದಿನ ಎಲ್ಲರೂ ಕುರ್ಚಿ ಫ್ಯಾನು ಒಯ್ದರೆ ಚಾಚಾ ಮೂರು ತಗಡಿನ ಪೆಟ್ಟಿಗೆ ತುಂಬ ಫೋಟೋ ಒಯ್ದರು. ಕ್ಯಾಲೆಬ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ಇಪ್ಪತ್ತೈದರ ಹುಡುಗ. ಒಂದು ಭಾನುವಾರ ಆರಾಧನೆ ಮುಗಿಸಿ ಪ್ರಿಂಟರ್ ರಿಪೇರಿಗೆ ಅಂತ ಚಾಚಾ ಮನೆಗೆ ಹೋದವನು ಆ ಪೆಟ್ಟಿಗೆ ಕಂಡು ಅಲ್ಲೇ ನೆಲಕ್ಕೆ ಕೂತುಬಿಟ್ಟ. ಏನೇನಿತ್ತು ಅದರಲ್ಲಿ! ಹರತಾಳದ ದಿನ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲದ ಶಹಾಗಂಜ. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು ಸೈಕಲ್ಲು ಕಲಿಯುತ್ತಿದ್ದ ಮಿಶನ್ ಕಾಂಪೌಂಡಿನ ನರ್ಸುಗಳು. ಗವಾನ ಮದರಸಾದ ಎದುರು ರಸ್ತೆ ದಾಟುತ್ತಿದ್ದ ಕುರಿಹಿಂಡು, ಅದರ ನಡುವೆ ಸಿಕ್ಕಿಕೊಂಡ ಸಾಹೇಬರ ಜೀಪು. ಯಾವ ಪುಸ್ತಕದಲ್ಲೂ ಇಲ್ಲದ ಬೀದರ ಅಲ್ಲಿತ್ತು, ತಲೆಗೆ ಎಣ್ಣೆ ಹಚ್ಚಿಕೊಂಡು, ಬಟನ್ ಹರಿದ ಅಂಗಿಯಲ್ಲಿ, ಕ್ಯಾಮೆರಾ ಕಂಡು ಹಲ್ಲು ಕಿರಿದುಕೊಂಡು. ಎಲ್ಲವನ್ನೂ ಸ್ಕ್ಯಾನ್ ಮಾಡಬೇಕು, ಪಟ್ಟಿ ಮಾಡಬೇಕು, ಜಗತ್ತಿಗೆ ತೋರಿಸಬೇಕು ಅಂತ ಅವನು ಒಂದೇ ಉಸಿರಿಗೆ ಹೇಳುತ್ತಾ ಹೋದ. ಚಾಚಾ ಮಧ್ಯೆ ಏನೋ ಹೇಳಿದರು. ಏನು ಹೇಳಿದ್ದರು ಅನ್ನುವುದು ಅವನಿಗೆ ನೆನಪಾದದ್ದು ತಡವಾಗಿ, ಚಿಂತಾಕಿ ಅನ್ನುವ ಹಳ್ಳಿಯಿಂದ ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಸರಳಿಗೆ ಹಣೆ ಬಡಿದಾಗ. “ಹಸಿ ಬಟ್ಟಿ ಹಚ್ಚಬ್ಯಾಡ ಬೇಟಾ. ಖಾಲಿ ಸೂಖಾ ಕಪಡಾ.” ಒಣ ಬಟ್ಟೆ ಮಾತ್ರ. ಅವನು ಆಗ ಹೂಂ ಅಂದಿದ್ದ. ಹೂಂ ಅನ್ನುವುದು ಅವನಿಗೆ ಯಾವಾಗಲೂ ಮುಂದಿನ ಮಾತಿಗೆ ಜಾಗ ಮಾಡಿಕೊಳ್ಳುವ ಒಂದು ಸದ್ದಷ್ಟೇ ಆಗಿತ್ತು.

ಆ ಫೋಟೋ ಎರಡನೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಹಳೇ ಬಸ್ ಸ್ಟ್ಯಾಂಡಿನ ಕಟ್ಟೆ, ಅದರ ಮೇಲೆ ಒಬ್ಬ ಎಳೇ ಹೆಂಗಸು, ಬಾಯಿ ಅರ್ಧ ತೆರೆದು ಅಳುತ್ತಿದ್ದಾಳೆ, ಮಡಿಲಲ್ಲಿ ಒಂದು ಗಂಟು. ಮುಖದ ಸುತ್ತ ಕೆಂಪು ಪೆನ್ಸಿಲಿನಿಂದ ಚೌಕ ಎಳೆದಿತ್ತು. ಇಷ್ಟು ಸಾಕು, ಉಳಿದದ್ದು ಬೇಡ ಅಂತ ಅರ್ಥ. ಬೆನ್ನಿಗೆ ಅಚ್ಚಾದ ತಾರೀಖಿನ ಮೊಹರುಗಳು, ಒಂದಲ್ಲ, ಒಂಬತ್ತು. ಆಗ ಫೋಟೋ ಅಚ್ಚಾಗಬೇಕಾದರೆ ಹೈದರಾಬಾದಿಗೆ ಕಳಿಸಿ ಸತುವಿನ ಅಚ್ಚು ಮಾಡಿಸಿ ತರಿಸಬೇಕಿತ್ತು, ನಾಲ್ಕು ದಿನ ಹಿಡಿಯುತ್ತಿತ್ತು, ಅಷ್ಟರಲ್ಲಿ ಸುದ್ದಿ ಹಳಸುತ್ತಿತ್ತು. ಹಾಗಾಗಿ ಒಮ್ಮೆ ಮಾಡಿಸಿದ ಅಚ್ಚನ್ನು ಇಟ್ಟುಕೊಂಡು ಮತ್ತೆ ಮತ್ತೆ ಹಾಕುವುದು ರೂಢಿ. ಮಳೆ ಬಂದರೆ ಒಂದು ಕೊಡೆ, ಚುನಾವಣೆ ಬಂದರೆ ಒಂದು ಸಾಲು, ಸಾವು ಬಂದರೆ ಈ ಹೆಂಗಸು. ಲಾರಿ ಮಗುಚಿತು, ಇವಳು ಅತ್ತಳು. ಮಣ್ಣಿನ ಮನೆ ಕುಸಿಯಿತು, ಇವಳು ಅತ್ತಳು. ಆಣೆಕಲ್ಲು ಬಿದ್ದು ಪೈರು ಹೋಯಿತು, ಇವಳೇ ಅತ್ತಳು. “ಒಂಬತ್ತೂ ಸಲ ಕೆಳಗಿನ ಸಾಲು ನಾನೇ ಜೋಡಿಸೀನಿ,” ಅಂದಿದ್ದರು ಚಾಚಾ, ಕನ್ನಡಕ ಒರೆಸುತ್ತಾ. “ಒಮ್ಮೆ ಮೃತನ ಪತ್ನಿ ಅಂತ, ಒಮ್ಮೆ ಮೃತನ ತಾಯಿ ಅಂತ. ಒಂದ್ಸಲ ತಂಗಿ. ಆಕಿ ಯಾರಂತ ಜುಲ್ಫೀಕಾರಗ ಒಬ್ಬಗೇ ಗೊತ್ತಿತ್ತು, ಅಂವ ತೆಗ್ದ ಫೋಟೋ. ಅಂವ ಹೋಗಿ ಹದಿನೈದು ವರ್ಷ ಆತು.”

ಕ್ಯಾಲೆಬ ಕುಣಿದಾಡಿದ. ಇದೇ, ಪ್ರದರ್ಶನದ ನಡುಮಧ್ಯೆ ಇದೇ ಇರಬೇಕು, ಒಂದೇ ಮುಖ ಇಡೀ ಜಿಲ್ಲೆಗೆ ಹನ್ನೆರಡು ವರ್ಷ ಅತ್ತ ಕಥೆ! ಹೆಸರೂ ಹೊಳೆಯಿತು, ‘ಈ ಊರು ಅತ್ತಾಗ’. ಹೈದರಾಬಾದಿಗೆ ಹೋಗಿ ಬಂದ ಪ್ರತಿಯಾದ್ದರಿಂದ ಅದರ ಬೆನ್ನಿಗೆ ಗೋಂದು ಮೆತ್ತಿ ಕಾಗದದ ಚೂರು ಅಂಟಿ ನಡುಭಾಗ ಅರ್ಧ ಮುಚ್ಚಿತ್ತು. ಮುಂಭಾಗಗಳನ್ನೆಲ್ಲ ಮೊದಲು ಸ್ಕ್ಯಾನ್ ಮಾಡಿ ಮುಗಿಸೋಣ, ಬೆನ್ನು ಆಮೇಲೆ ಅಂತ ಅವನೇ ಮಾಡಿಕೊಂಡಿದ್ದ ನಿಯಮ, ಬೇಗ ಆಗಲಿ ಅಂತ. ಮುಂಭಾಗ ಸ್ಕ್ಯಾನ್ ಆಯಿತು. ಪಟ್ಟಿಯಲ್ಲಿ ಟೈಪ್ ಮಾಡಿದ: ‘ಅಳುತ್ತಿರುವ ಮಹಿಳೆ, ಗಂಟು ಸಹಿತ’. ಆಮೇಲೆ ನೀರಿಗೆ ಹತ್ತಿ ಅದ್ದಿ ಬೆನ್ನು ಒರೆಸಿದ. ಗೋಂದು ಕರಗಿತು. ಹತ್ತಿ ನೇರಳೆಯಾಯಿತು. ಅರೆ, ಚಂದ ಅದಲ್ಲ ಈ ಬಣ್ಣ, ಅನ್ನಿಸಿದ್ದೂ ನಿಜ. ಇನ್ನೆರಡು ಸಲ ಒರೆಸಿದ ಮೇಲೆ ಗೊತ್ತಾಯಿತು, ಅಲ್ಲಿ ಏನೋ ಬರೆದಿತ್ತು ಅಂತ. ಜುಲ್ಫೀಕಾರನ ಪೆನ್ಸಿಲು, ನೀರು ತಾಗಿದರೆ ನೇರಳೆ ಬಿಡುವ ಹಳೇ ಕಾಲದ ಪೆನ್ಸಿಲು. ಮೊಹರಿನ ಮಸಿ ಎಣ್ಣೆಯದು, ಒಂಬತ್ತೂ ಸುಳ್ಳು ತಾರೀಖುಗಳು ಹಾಗೇ ಕೂತಿದ್ದವು. ಎರಡು ಸಾಲು ಕೈಬರಹ ಮಾತ್ರ ಹರಡಿ ಮಬ್ಬಾಗಿ ಹೋಗಿತ್ತು. ಇರಲಿ ಬಿಡು, ಎಲ್ಲೋ ಅಳತೆ ಬರೆದಿರಬೇಕು, ಅಂದುಕೊಂಡ. ಅಂದುಕೊಂಡು ಚಹಾ ಕುಡಿದ. ಆ ಚಹಾದ ರುಚಿ ಈಗ ನೆನಪಾಗುತ್ತದೆ, ಚಾಚಾ ಮನೆಯದು, ಏಲಕ್ಕಿ ಜಾಸ್ತಿ.

ಏಣಿಯಿಂದ ಇಳಿದ. ಹತ್ತು ಗಂಟೆ. ಔರಾದದಲ್ಲಿ ಬಸ್ಸು ಹೊರಟಿರಬಹುದು, ಸಂತಪುರ ದಾಟಿರಬಹುದು. ಆ ದಾರಿಯನ್ನು ಅವನು ಸೋಮವಾರವಷ್ಟೇ ನೋಡಿದ್ದ, ಕೆಂಪು ದಿಣ್ಣೆಗಳು, ಕೊಯ್ದು ಹೋದ ತೊಗರಿಯ ಕಡ್ಡಿ, ಗುಡ್ಡಕ್ಕೆ ಅಂಟಿದ ಕುರಿಗಳು. ಮುಖವನ್ನು ಮಾತ್ರ ಕತ್ತರಿಸಿ ವಾಟ್ಸಾಪ್ ಗುಂಪುಗಳಲ್ಲಿ ಹಾಕಿ ‘ಇವರು ಯಾರೆಂದು ಬಲ್ಲಿರಾ’ ಅಂತ ಕೇಳಿದ್ದ. ಮೂರನೆಯ ದಿನ ಭಾಲ್ಕಿಯಿಂದ ಫೋನು ಬಂತು. ಮಾಯಾ ಅಂತ, ಅಲ್ಲಿ ಕಣ್ಣಿನ ಅಂಗಡಿಯಲ್ಲಿ ಚಷ್ಮಾ ತಯಾರಿಸುವ ಕೆಲಸ. “ಸರ್, ಅಕಿ ನಮ್ಮ ಆಯಿ ಅದಾಳ್ರಿ. ನಮ್ಮಪ್ಪನ ಅವ್ವ. ಜನಾಬಾಯಿ ಅಂತ.” ಅವನು ಭಾಲ್ಕಿಗೆ ಓಡಿದ, ಅಲ್ಲಿಂದ ಇಬ್ಬರೂ ಔರಾದ, ಔರಾದದಿಂದ ಚಿಂತಾಕಿ. ದಾರಿಯುದ್ದಕ್ಕೂ ಅವನೇ ಮಾತಾಡಿದ, ದಾಖಲೆ ಅಂದರೇನು, ಸಾಮಾನ್ಯ ಜನರ ಇತಿಹಾಸ ಅಂದರೇನು, ಹೆಸರಿಲ್ಲದವರಿಗೆ ಹೆಸರು ಕೊಡಬೇಕು ಅಂತ. ಹೆಸರು ಅನ್ನುವ ಆ ಮಾತನ್ನು ತಾನು ಎಷ್ಟು ಹಗುರವಾಗಿ ಬಳಸಿದೆ ಅನ್ನುವುದು ಈಗ ಹಲ್ಲಿನ ಸಂದಿಗೆ ಸಿಕ್ಕ ಎಳೆಯ ಹಾಗೆ ಕಾಡುತ್ತದೆ.

ಜನಾಬಾಯಿ ದೊಡ್ಡಿಯ ಬಾಗಿಲಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಪಕ್ಕದ ಮನೆಯ ಕಟ್ಟೆಯಿಂದ ಒಬ್ಬಳು ಕೂಗಿದಳು, “ಏ ಜನಾಬಾಯಿ, ಪೇಪರದವ ಬಂದಾನ ನೋಡ, ಮತ್ತ ಯಾರ ಸತ್ತಾರಂತ?” ಎಲ್ಲರೂ ನಕ್ಕರು. ಜನಾಬಾಯಿಯೂ ನಕ್ಕಳು. “ಹಿಂಗೇ ಅಂತಾರ ತಮ್ಮಾ. ಊರಾಗ ಸಾಲಿ ಕಲ್ತವರು ಪೇಪರ್ ತಂದ್ ತಂದ್ ತೋರಸ್ತಿದ್ರು, ‘ನಿನ್ನ ಗಂಡ ಸತ್ತನಂತ ಬರ್ದಾರ’ ಅಂತ. ನನ್ನ ಗಂಡ ಹಣಮಂತಪ್ಪ ಇಲ್ಲೇ ಕುಂತು ರೊಟ್ಟಿ ತಿಂತಿದ್ದ. ಅಂವಾ ಬೈದು ಎದ್ದು ಹೋಗಾಂವ.” ಕ್ಯಾಲೆಬ ಮೊಬೈಲಿನಲ್ಲಿ ಪೂರ್ತಿ ಫೋಟೋ ತೆರೆದು ಕೊಟ್ಟ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಮುಖ ನೋಡಲಿಲ್ಲ. ಬೆರಳು ನೇರ ಮಡಿಲಿಗೆ ಹೋಯಿತು. ಪರದೆಯ ಚಿತ್ರ ಬೆರಳಿಗೆ ಸರಿದು ಹೋಯಿತು, ಮಾಯಾ ಹಿಡಿದು ನಿಲ್ಲಿಸಿದಳು.

“ಇದು ಇತ್ತೇನು ಇದರಾಗ?” ಅಂದಳು. “ಪೇಪರದಾಗ ಇದು ಬಂದಿದ್ದೇ ಇಲ್ಲಲ್ಲ. ಬರೇ ನನ್ನ ಮಾರಿ ಬರ್ತಿತ್ತು.”

“ಆ ಗಂಟಿನ್ಯಾಗ ಏನಿತ್ರಿ ಆಯಿ?” ಕೇಳಿದವನು ಕ್ಯಾಲೆಬ. ಅದನ್ನು ಗಂಟು ಅಂದಿದ್ದನ್ನು ಅವನು ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

“ಗಂಟಲ್ಲಪಾ ಅದು. ಕೂಸು.”

ಐದು ತಿಂಗಳ ಹೆಣ್ಣುಕೂಸು. ಜ್ವರ ಬಂದಿತ್ತು, ಬೀದರಿಗೆ ತಂದಿದ್ದಳು, ಬಸ್ಸಿನಲ್ಲೇ ತಣ್ಣಗಾಯಿತು. ಇಳಿದವಳಿಗೆ ವಾಪಸು ಬಸ್ಸು ಸಂಜೆಗೇ ಇದ್ದದ್ದು. ಕಟ್ಟೆಯ ಮೇಲೆ ಕೂತಿದ್ದಳು. ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಬಂದು ಮೊದಲು ಫೋಟೋ ಹೊಡೆದ, ಆಮೇಲೆ ಏನನ್ನಿಸಿತೋ ಪಕ್ಕದಲ್ಲಿ ಕೂತ, ನೀರು ತಂದುಕೊಟ್ಟ, ಕೂಸಿನ ಹೆಸರೇನು ಅಂತ ಕೇಳಿದ. “ಹೆಸರು ಎಲ್ಲಿಂದ ಇರ್ತದ? ನಮ್ಮಲ್ಲಿ ಸ್ವಾದರತ್ತಿ ತೊಟ್ಲಾಗ ಹಾಕಿ ಕಿವ್ಯಾಗ ಹೇಳಬೇಕು. ಅತ್ತಿ, ನಾದ್ನಿ, ಗಂಡ, ಎಲ್ಲಾರೂ ಕುರಿ ಹೊಡ್ಕೊಂಡು ಉದಗೀರ ಕಡಿ ಹೋಗಿದ್ರು. ಬಂದ ಮ್ಯಾಗ ತೊಟ್ಲ ಮಾಡೋಣು ಅಂತ ಬಿಟ್ಟಿದ್ವಿ. ನಾ ಕೂಸು ಕೂಸು ಅಂತಿದ್ದೆ. ಆ ಮನಶ್ಯಾ ಅಂದ, ‘ಹೆಸರಿಲ್ಲಂತ ಬರೀಲೇನವ್ವ?’ ನನಗ ಎದಿ ಒಡ್ದಂಗಾತು. ಬಾಯಿಗೆ ಒಂದ್ ಹೆಸರು ಬಂತು. ಹೇಳಿದೆ. ಅಂವ ನನ್ನ ಮುಂದೇ ಬರ್ಕೊಂಡ. ಫೋಟೋದ ಹಿಂದ ಬರ್ದು ಇಡ್ತೇನವ್ವ, ಪೇಪರದಾಗ ಹಾಕ್ತಾರ, ಅಂದ.”

“ಏನ್ ಹೆಸರು ಆಯಿ?” ಮಾಯಾ ಕೇಳಿದಳು. ಅವಳಿಗೂ ಹೊಸ ಸುದ್ದಿ ಅದು.

ಜನಾಬಾಯಿ ಸೊಪ್ಪಿನ ಕಟ್ಟಿನ ದಾರ ಬಿಗಿದಳು, ಬಿಚ್ಚಿದಳು, ಮತ್ತೆ ಬಿಗಿದಳು. “ಅದೇ ಅಲ್ಲ. ನೆನಪ ಹಾರ್ಯಾದ. ನಿಮ್ಮ ಮುತ್ಯಾ ಉದಗೀರದಿಂದ ಬಂದು ಕೇಳಿದ, ‘ಹೆಸರಿಟ್ಟಿದ್ದೇನು?’ ಇಲ್ಲ ಅಂದೆ. ಅತ್ತಿ ಇಲ್ದೆ ನಾನೇ ಇಟ್ಟೇನಂದ್ರ ಏನಂತಾರೋ ಅಂತ ಹೆದರ್ಕಿ. ಒಮ್ಮೆ ಇಲ್ಲ ಅಂದ ಮ್ಯಾಗ ಯಾರ ಮುಂದೂ ಹೇಳಲಿಲ್ಲ, ನನ್ನ ಮುಂದ ನಾನೂ ಹೇಳಲಿಲ್ಲ. ಒಂದಿನ ನೆನಸ್ಲಿಕ್ಕ ಹೋದೆ, ಇಲ್ಲ. ಹೋಗಿಬಿಟ್ಟಿತ್ತು.” ಆಮೇಲೆ ಕ್ಯಾಲೆಬನ ಕಡೆ ತಿರುಗಿದಳು. ಆ ಮುಖ ಈಗ ಗೋಡೆಯ ಮೇಲಿನ ಮುಖವೇ, ನಲವತ್ತು ವರ್ಷ ದಾಟಿಬಂದದ್ದು. “ಹಿಂದ ಬರ್ದಾರಲ್ಲ ತಮ್ಮಾ? ಅದ ಅಲ್ಲ?”

“ಅದರಿ ಆಯಿ,” ಅಂದ ಕ್ಯಾಲೆಬ. “ಸ್ವಲ್ಪ ಮಸಕ ಅದ. ಆದ್ರ ಅದ.”

ಯಾಕೆ ಹಾಗಂದ? ಐದು ದಿನದಿಂದ ಇದನ್ನೇ ಮೆಲುಕು ಹಾಕುತ್ತಿದ್ದಾನೆ. ಹೆದರಿಕೆ ಒಂದು. ಮಾಯಾಳ ಎದುರು ಸಣ್ಣವನಾಗುವ ನಾಚಿಕೆ ಇನ್ನೊಂದು, ಬಸ್ಸಿನಲ್ಲಿ ಅಷ್ಟೆಲ್ಲ ಭಾಷಣ ಬಿಗಿದಿದ್ದ. ಆದರೆ ಎಲ್ಲಕ್ಕಿಂತ ಕೆಳಗೆ ಇನ್ನೊಂದಿತ್ತು: ಇದ್ದದ್ದು ನಿಜವಲ್ಲವೇ? ತಾನು ಮುಟ್ಟುವವರೆಗೂ ಇತ್ತು. ತಗಡಿನ ಪೆಟ್ಟಿಗೆಯಲ್ಲಿ, ಇಲಿ ಮುಟ್ಟದೆ, ಗೆದ್ದಲು ಮುಟ್ಟದೆ, ನಲವತ್ತು ವರ್ಷ ಇತ್ತು. ಕಾಪಾಡಲು ಬಂದವನು ಬಂದ ಮೇಲೆ ಹೋಯಿತು. “ಶನಿವಾರ ನಾನೇ ಬಂದು ನೋಡ್ತೇನಿ,” ಅಂದಳು ಜನಾಬಾಯಿ, ಮತ್ತು ಮರಿಯೊಂದನ್ನು ಎತ್ತಿ ಅವನ ಕೈಗೆ ಕೊಟ್ಟಳು, ಹಿಡ್ಕೋ, ಫೋಟೋ ತಕ್ಕೋತಾಳ ಮಾಯಾ, ಅಂತ. ಆ ಫೋಟೋದಲ್ಲಿ ಕ್ಯಾಲೆಬ ಹಲ್ಲು ಬಿಟ್ಟು ನಗುತ್ತಿದ್ದಾನೆ.

ಐದು ದಿನ ಅವನು ಆ ಒಂದು ಗಳಿಗೆಯನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದ. ಒರೆಸುವ ಮುನ್ನ ಕಣ್ಣು ಬೆನ್ನಿನ ಮೇಲೆ ಹಾದುಹೋಗಿತ್ತಲ್ಲ, ಅಕ್ಷರ ಕಂಡಿರಲೇಬೇಕು. ಕಣ್ಣು ಮುಚ್ಚಿದರೆ ಹತ್ತಿ ಕಾಣುತ್ತದೆ, ಗೋಂದಿನ ಹೊಳಪು ಕಾಣುತ್ತದೆ, ಉಗುರಿನ ಸಂದಿಯ ನೇರಳೆ ಕಾಣುತ್ತದೆ. ಅಕ್ಷರದ ಜಾಗದಲ್ಲಿ ಏನೂ ಇಲ್ಲ. ಬೆನ್ನಿನ ಕಲೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಬೆಳಕು ಏರಿಸಿದ, ಇಳಿಸಿದ, ಬಣ್ಣ ಬೇರೆ ಮಾಡಿದ. ಕೊನೆಗೆ ಒಂದು ವಕ್ರ ಗೆರೆ ಸಿಕ್ಕಿತು. ಅದು ಯಾವ ಅಕ್ಷರವೂ ಆಗಬಹುದಿತ್ತು, ಹತ್ತಿಯ ಎಳೆಯೂ ಆಗಬಹುದಿತ್ತು. ಆ ಕಾಲದ ಹೆಸರುಗಳನ್ನು ಬರೆದುಕೊಂಡ: ಮುಕ್ತಾ, ಗೋದಾವರಿ, ಸುಂದ್ರಾ, ಭಾಗೀರಥಿ, ಅನಸೂಯಾ. ಶಾಲೆಯಲ್ಲಿ ಹಾಜರಿ ಕೂಗುವಾಗ ಹುಡುಗಿಯೊಬ್ಬಳ ಹೆಸರಿಗೆ ನಿಂತುಬಿಟ್ಟ, ಮಕ್ಕಳು ಕಿಸಕ್ಕನೆ ನಕ್ಕರು. ಮನೆಯಲ್ಲಿ ಅವ್ವ ಲೂಸಿ, ಮೂವತ್ತು ವರ್ಷ ನರ್ಸಾಗಿದ್ದವಳು, ಒಗೆದ ಬಟ್ಟೆ ಮಡಚುತ್ತಾ ಎಲ್ಲ ಕೇಳಿಸಿಕೊಂಡು ಅಂದಳು, “ಹೋಗಿ ಹೇಳಿಬಿಡು. ನೀ ಹುಟ್ಟಿದಾಗಿಂದ ಅವಸರದಾಂವ. ಬಾಪ್ತಿಸ್ಮದ ದಿನ ಪಾಸ್ಟರು ಹೆಸರು ಹೇಳೋದ್ರಾಗ ನೀರಾಗ ಕೈ ಹಾಕಿದ್ದಿ.” ಅವನ ಹೆಸರು ಚರ್ಚಿನ ರಜಿಸ್ಟರಿನಲ್ಲಿದೆ, ಅಜ್ಜ ಸಾಲೋಮನ ಬರೆಸಿದ್ದು, ಹಣೆಗೆ ನೀರು ತಾಗಿದ ಗಳಿಗೆಯಲ್ಲಿ ಪುಸ್ತಕಕ್ಕೆ ಇಳಿದದ್ದು. ತನಗೆ ನೀರು ಹೆಸರು ಕೊಟ್ಟಿತ್ತು. ಅದನ್ನು ಮುಂದೆ ಯೋಚಿಸಲಾಗದೆ ಅವನು ಎದ್ದು ಅಂಗಳದಲ್ಲಿ ತಿರುಗಾಡಿದ್ದ.

ಮತ್ತು ನಿನ್ನೆ, ಶುಕ್ರವಾರ, ಒಂದು ಕೆಲಸವನ್ನಂತೂ ಮಾಡಿದ್ದ. ಬರೀ ಮುಖವಿದ್ದ ದೊಡ್ಡ ಪ್ರತಿಯನ್ನು ತೆಗೆದು ಪೂರ್ತಿ ಫೋಟೋ ಹಾಕಿದ್ದ, ಕಟ್ಟೆ, ಮಡಿಲು ಎಲ್ಲ ಸೇರಿ. ‘ಈ ಊರು ಅತ್ತಾಗ’ ಅನ್ನುವ ಫಲಕ ಕಿತ್ತು ಮುರಿದು ಏಣಿಯ ಹಿಂದೆ ತಳ್ಳಿದ್ದ. ಚೀಟಿ ಖಾಲಿ ಬಿಟ್ಟಿದ್ದ.

ಹನ್ನೊಂದೂ ಕಾಲಿಗೆ ಅವರು ಬಂದರು. ಜನಾಬಾಯಿ ಹಸಿರು ಸೀರೆ ಉಟ್ಟಿದ್ದಳು, ಹೊಸದು, ಮಡಿಕೆಯ ಗೆರೆ ಹಾಗೇ ಇತ್ತು. ಚಪ್ಪಲಿ ಬಾಗಿಲಲ್ಲಿ ಬಿಟ್ಟಳು. ಮಾಯಾ, “ಇರಲಿ ಆಯಿ, ಹಾಕ್ಕೊಂಡು ಬಾ,” ಅಂದರೂ ಕೇಳಲಿಲ್ಲ. ಬರಿಗಾಲಲ್ಲಿ ನೇರ ನಡುಗೋಡೆಗೆ ಹೋಗಿ ನಿಂತಳು. ಆಮೇಲೆ ಗಾಜಿನ ಮೇಲೆ ಅಂಗೈ ಇಟ್ಟಳು, ಮಡಿಲಿದ್ದ ಜಾಗಕ್ಕೆ. “ಕೂಸಿಗೆ ಸುತ್ತಿದ್ದ ಈ ದುಪ್ಪಡಿ ನಮ್ಮವ್ವಂದು. ಅದರ ಜೋಡೀನೇ ಮಣ್ಣ ಮಾಡಿದ್ವಿ,” ಅಂದಳು ಯಾರಿಗೂ ಅಲ್ಲ ಅನ್ನುವ ಹಾಗೆ. ತಿರುಗಿದಳು. “ಹಿಂದಿಂದು ತೋರ್ಸಪಾ.”

ಕ್ಯಾಲೆಬ ಜೇಬಿನಿಂದ ರಟ್ಟು ತೆಗೆದು ಬಿಚ್ಚಿ ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿದ. ಒಂಬತ್ತು ಮೊಹರು, ಕಪ್ಪಗೆ, ಚೊಕ್ಕವಾಗಿ. ನಡುವೆ ನೇರಳೆ ಕಲೆ. ವಾಹೀದ ಚಾಚಾ ಬಗ್ಗಿ ನೋಡಿದರು, ಒಂದು ಸಲ ಕ್ಯಾಲೆಬನ ಕಡೆ ನೋಡಿದರು, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾಯಾ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. “ಸರ್, ಇಲ್ಲಿ ಓದ್ಲಿಕ್ಕ ಏನೂ ಬರಲ್ಲಲ್ರಿ?”

ಹೇಳಬೇಕು. ಈಗ. ನಾನೇ ಒರೆಸಿದೆ ಆಯಿ, ಇಷ್ಟೇ ಮಾತು. ಬಾಯಿ ತೆರೆದ. ಜನಾಬಾಯಿ ಫೋಟೋ ನೋಡುತ್ತಲೇ ಇರಲಿಲ್ಲ. ಓದಲು ಬರದವಳು, ಅವಳಿಗೆ ಕಲೆಯೂ ಒಂದೇ ಅಕ್ಷರವೂ ಒಂದೇ. ಅವಳು ಅವನ ತುಟಿ ನೋಡುತ್ತಿದ್ದಳು. “ಅಕಿಗೆ ಬರದಿದ್ರ ಬಿಡು. ನೀ ಓದೀದಿ ಅಲ್ಲ? ಏನಂತ ಬರ್ದದ?”

“ಸುಂದ್ರಾ,” ಅಂದ ಕ್ಯಾಲೆಬ.

ಎಲ್ಲಿಂದ ಬಂತು? ಕಣ್ಣು ಹಾದುಹೋದ ಆ ಒಂದು ಗಳಿಗೆ ಎಲ್ಲೋ ಒಳಗೆ ಉಳಿದಿದ್ದು ಈಗ ಮೇಲೆ ಬಂತೋ, ತಾನೇ ಬರೆದುಕೊಂಡ ಪಟ್ಟಿಯಿಂದ ನಾಲಿಗೆ ಒಂದನ್ನು ಎತ್ತಿಕೊಂಡಿತೋ, ಆಣೆ ಮಾಡಿ ಹೇಳು ಅಂದರೂ ಅವನಿಗೆ ಗೊತ್ತಿಲ್ಲ. ಬಾಯಿಗೆ ಬಂತು, ಅಷ್ಟೇ.

“ಸುಂದ್ರಾ,” ಅಂದಳು ಜನಾಬಾಯಿ ಮೆಲ್ಲಗೆ. ಬಾಯಲ್ಲಿಟ್ಟು ನೋಡಿದ ಹಾಗೆ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಹೊಲದ ಆಚೆ ಬದುವಿನಲ್ಲಿ ಇರುವವಳನ್ನು ಊಟಕ್ಕೆ ಕರೆಯುವ ಹಾಗೆ, “ಸುಂದ್ರೀ...” ಹಾಲಿನ ತಗಡಿನ ಮಾಡಿನಲ್ಲಿ ಪಾರಿವಾಳಗಳು ಪಟಪಟ ಅಂದವು. ಅವಳು ಅಳುತ್ತಾಳೆ ಅಂದುಕೊಂಡಿದ್ದರು ಎಲ್ಲರೂ. ಅಳಲಿಲ್ಲ. “ಅದೇ ಇರಬೇಕು,” ಅಂದಳು. ತುಸು ತಡೆದು, “ಅದೇ. ಹೌದಪಾ, ಅದೇ,” ಅಂದಳು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇದ್ದ ಆ ತಡೆಯನ್ನು ಕ್ಯಾಲೆಬ ಕೇಳಿಸಿಕೊಂಡ. ಬೇರೆ ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ.

ಆಮೇಲೆ ಅವಳು ಗೋಡೆಯ ಖಾಲಿ ಚೀಟಿ ತೋರಿಸಿದಳು. “ಇದು ಯಾಕ ಹಿಂಗೇ ಬಿಟ್ಟೀರಿ? ಬರಿ. ಜನಾಬಾಯಿ, ಅಕಿ ಮಗಳು ಸುಂದ್ರಾ ಅಂತ ಬರಿ. ಊರ ಮಂದಿಯೆಲ್ಲಾ ಬಂದು ಓದಲಿ. ಇಷ್ಟ ದಿನ ಯಾರ್ಯಾರ ಹೆಸರೋ ಬರದ್ರಲ್ಲ ನನ್ನ ಮಾರಿ ಕೆಳಗ.”

ವಾಹೀದ ಚಾಚಾ ತಮ್ಮ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮೇಜಿನ ಮೇಲೆ ಅವನ ಕಡೆಗೆ ಸರಿಸಿದರು. ಆ ಮುಖದ ಕೆಳಗೆ ಒಂಬತ್ತು ಸಲ ಸುಳ್ಳು ಜೋಡಿಸಿದ ಬೆರಳುಗಳು ಅವು, ಪೆನ್ನು ಬಿಟ್ಟ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದವು. ಕ್ಯಾಲೆಬ ಪೆನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋದ. ಬೆನ್ನ ಹಿಂದೆ ಜನಾಬಾಯಿಯ ಉಸಿರು, ಕುರಿಯ ಉಣ್ಣೆಯ ವಾಸನೆ, ಹೊಸ ಸೀರೆಯ ಗಂಜಿಯ ವಾಸನೆ. ಇಲ್ಲಿ ಬರೆದದ್ದು ನಾಳೆ ಪಟ್ಟಿಗೆ ಹೋಗುತ್ತದೆ, ಪಟ್ಟಿ ಯಾರ್ಯಾರ ಕೈಗೋ ಹೋಗುತ್ತದೆ, ಐವತ್ತು ವರ್ಷದ ಮೇಲೆ ಯಾರೋ ಓದಿ ಇದನ್ನೇ ನಂಬುತ್ತಾರೆ. ಬರೆಯದಿದ್ದರೆ ತಿರುಗಿ ಆ ಮುಖ ನೋಡಬೇಕು, ನೋಡಿ, ಆ ಕೂಸಿನ ಹೆಸರನ್ನು ಎರಡನೆಯ ಸಲ ಅವಳ ಬಾಯಿಂದ ಕಿತ್ತುಕೊಳ್ಳಬೇಕು. ಪೆನ್ನಿನ ತುದಿ ಚೀಟಿಗೆ ತಾಗಿ ಒಂದು ಚುಕ್ಕೆ ಬಿದ್ದಿತು, ನಿಧಾನಕ್ಕೆ ಹರಡತೊಡಗಿತು.

ನೀವು ಅಲ್ಲಿ ನಿಂತಿದ್ದರೆ, ಹೇಳಿ, ಆ ಚೀಟಿಯ ಮೇಲೆ ಏನು ಬರೆಯುತ್ತಿದ್ದಿರಿ?